ಟಯರ್ ತಿನ್ನೋದು ರಸ್ತೆಯಲ್ಲ, ನಮ್ಮ ಕಾಲು

🛞 1/10 | ಎರಡು ಕಾರು, ಒಂದು ಪ್ರಶ್ನೆ

ಒಂದೇ ಶೋರೂಮಿನಿಂದ ಒಂದೇ ವಾರ ಹೊರಬಂದ ಎರಡು ಕಾರು ಅಂದ್ಕೊಳ್ಳಿ. ಮಾಡೆಲ್ ಅದೇ, ಟಯರ್ ಅದೇ, ಓಡಾಡೋ ಊರೂ ಅದೇ. ಆದ್ರೂ ಸ್ವಲ್ಪ ವರ್ಷಕ್ಕೆ ಒಂದು ಕಾರು ಬೋಳು ಟಯರ್ ಹಾಕ್ಕೊಂಡು ಟಯರ್ ಅಂಗಡಿ ಮುಂದೆ ನಿಂತಿರುತ್ತೆ. ಇನ್ನೊಂದರ ಟಯರಿಗೆ ಇನ್ನೂ ಅರ್ಧ ಆಯಸ್ಸು ಬಾಕಿ ಇರುತ್ತೆ. ಯಾಕೆ ಹೀಗೆ?

ಕೇಳಿದ್ರೆ ನಾವೆಲ್ಲ ರಸ್ತೆ ಮೇಲೆ ಹಾಕ್ತೀವಿ. ಇಲ್ಲಾಂದ್ರೆ ಕಂಪನಿ ಮೇಲೆ. ರಸ್ತೆದೂ ಪಾಲಿದೆ, ಸುಳ್ಳಲ್ಲ. ಗಾಳಿ ಕಮ್ಮಿ ಇದ್ರೆ, ಅಲೈನ್‌ಮೆಂಟ್ ತಪ್ಪಿದ್ರೆ ಅದಕ್ಕೂ ಪಾಲಿದೆ. ಆದ್ರೆ ಒಂದು ದೊಡ್ಡ ಪಾಲು ಸ್ಟೇರಿಂಗ್ ಹಿಂದೆ ಕೂತಿರೋರದ್ದು. ಬ್ರೇಕ್ ಹೇಗೆ ಒತ್ತುತ್ತೀರಿ, ಆಕ್ಸಿಲರೇಟರ್ ಹೇಗೆ ತುಳೀತೀರಿ, ತಿರುವಿಗೆ ಎಷ್ಟು ವೇಗದಲ್ಲಿ ನುಗ್ಗುತ್ತೀರಿ, ಎಲ್ಲದರ ಲೆಕ್ಕವನ್ನ ಟಯರ್ ಬರೆದಿಟ್ಟುಕೊಳ್ಳುತ್ತೆ.

ಇದನ್ನ "ನಿಧಾನವಾಗಿ ಓಡಿಸಿ" ಅಂತ ಬುದ್ಧಿವಾದದ ಥರ ಹೇಳಿದ್ರೆ ಕಾರು ಹುಚ್ಚಿರೋ ನಮ್ಮಂಥವರು ಕೇಳೋದೇ ಇಲ್ಲ. ಅದಕ್ಕೇ ಈ ಸರಣಿಯಲ್ಲಿ ಬುದ್ಧಿವಾದ ಬಿಟ್ಟು ಇತಿಹಾಸ ಹೇಳ್ತೀನಿ. ಟಯರ್ ಉಳಿಸೋ ವಿದ್ಯೆಯನ್ನ ಲೋಕಕ್ಕೆ ಕಲಿಸಿದವರು ನಿಧಾನಕ್ಕೆ ಹೋಗೋರಲ್ಲ. ಭೂಮಿ ಮೇಲೆ ಅತಿ ಜೋರಾಗಿ ಕಾರು ಓಡಿಸಿದ ರೇಸ್ ಡ್ರೈವರುಗಳು. ಯಾಕಂದ್ರೆ ಅವರಿಗೆ ಟಯರ್ ಸವೆದ್ರೆ ಹೋಗ್ತಿದ್ದಿದ್ದು ಬರೀ ದುಡ್ಡಲ್ಲ. ಒಬ್ಬರಿಗೆ ಗೆಲುವು ಹೋಯ್ತು, ಇನ್ನೊಬ್ಬರಿಗೆ ಇಡೀ ವರ್ಷದ ಪಟ್ಟವೇ ಹೋಯ್ತು.

1895ರಿಂದ 2013ರವರೆಗೆ ಆರು ರೇಸು. ಕೊನೆಗೆ ನಮ್ಮ ರಸ್ತೆ, ನಮ್ಮ ಮಳೆ. ನಿಧಾನವಾಗಿ ಓದಿ 👇

🛞 2/10 | 1895: ಗಾಳಿ ತುಂಬಿದ ಹುಚ್ಚು

1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅನ್ನೋ ಪಶುವೈದ್ಯರು ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟಯರ್ ಮಾಡಿಕೊಟ್ಟರು. ಅವರಿಗಿಂತ ನಾಲ್ಕು ದಶಕ ಮೊದಲೇ ರಾಬರ್ಟ್ ವಿಲಿಯಂ ಥಾಮ್ಸನ್ ಇದೇ ಐಡಿಯಾಗೆ ಪೇಟೆಂಟ್ ತಗೊಂಡಿದ್ರು, ಆದ್ರೆ ಆಗ ಅದು ಕೈಹತ್ತಲಿಲ್ಲ. ಡನ್‌ಲಪ್ ಕಾಲಕ್ಕೆ ಸೈಕಲ್ ಕ್ರೇಜ್ ಶುರುವಾಗಿತ್ತು. ಟಯರ್ ಓಡಿತು.

ಕಾರಿನ ವಿಷಯ ಬೇರೆ. ಅಷ್ಟು ಭಾರವನ್ನ ಗಾಳಿ ಹೊರುತ್ತೆ ಅಂದ್ರೆ ಯಾರೂ ನಂಬಲಿಲ್ಲ. ಆಗಿನ ಕಾರುಗಳಿಗೆ ಗಟ್ಟಿ ರಬ್ಬರಿನ ಚಕ್ರ. ಆಗ ಫ್ರಾನ್ಸಿನ ಇಬ್ಬರು ಅಣ್ಣತಮ್ಮಂದಿರು, ಆಂದ್ರೆ ಮತ್ತು ಎದುವಾರ್ ಮಿಶೆಲಿನ್, 1895ರ ಜೂನ್‌ನಲ್ಲಿ ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ವಾಪಸ್ ಬರೋ ರೇಸಿಗೆ ಗಾಳಿ ಟಯರ್ ಹಾಕಿದ ಕಾರು ತಂದ್ರು. ಓಡಿಸಿದ್ದೂ ತಾವೇ. ದಾರಿಯುದ್ದಕ್ಕೂ ಪಂಕ್ಚರ್. ಬಿಚ್ಚೋದು, ಟ್ಯೂಬ್ ಬದಲಿಸೋದು, ಗಾಳಿ ಹೊಡೆಯೋದು, ಮತ್ತೆ ಹೊರಡೋದು. ಗೆಲ್ಲೋ ಮಾತಿರಲಿ, ತೀರಾ ಹಿಂದೆ ಬಿದ್ರು.

ಮೊದಲು ಬಂದು ಮುಟ್ಟಿದವರು ಎಮಿಲ್ ಲೆವಾಸರ್, ಗಟ್ಟಿ ರಬ್ಬರ್ ಚಕ್ರದ ಪನ್ಹಾರ್ ಕಾರಿನಲ್ಲಿ. 1,100 ಕಿ.ಮೀ.ಗೂ ಹೆಚ್ಚು ದಾರಿ, 48 ಗಂಟೆ 48 ನಿಮಿಷ. ಸರಾಸರಿ ಗಂಟೆಗೆ ಸುಮಾರು 24 ಕಿ.ಮೀ.

ಅವತ್ತು ನಕ್ಕವರೇ ಜಾಸ್ತಿ ಇರಬೇಕು. ಆದ್ರೆ ಮುಂದಿನ ಕಾಲ ಗಾಳಿ ಟಯರಿನದ್ದೇ ಆಯ್ತು. ಮೆತ್ತಗಿರೋದು ರಸ್ತೆಯನ್ನ ಹಿಡೀತಿತ್ತು. ಆಮೇಲೆ 20ನೇ ಶತಮಾನದ ಮೊದಲ ದಶಕಗಳಲ್ಲಿ ರಬ್ಬರಿಗೆ ಕಾರ್ಬನ್ ಬ್ಲ್ಯಾಕ್ ಅನ್ನೋ ಕಪ್ಪು ಪುಡಿ ಬೆರೆಸೋಕೆ ಶುರು ಮಾಡಿದ್ರು. ಅಲ್ಲಿವರೆಗೆ ಟಯರ್ ಬಿಳಿಚಿಕೊಂಡಿರ್ತಿತ್ತು. ಈ ಪುಡಿ ಸೇರಿದ ಮೇಲೆ ಬಣ್ಣ ಕಪ್ಪಾಯ್ತು, ಬಾಳಿಕೆ ಹಲವು ಪಟ್ಟು ಹೆಚ್ಚಿತು.

ಟಯರ್ ಒಡೆಯೋ ಕಾಲ ಹೀಗೆ ಹಿಂದೆ ಸರೀತಾ ಬಂತು. ಸವೆಯೋ ಕಾಲ ಶುರುವಾಯ್ತು.

🛞 3/10 | ಸವೆತ ಅಂದ್ರೆ ಏನು?

ಕಥೆ ಮುಂದುವರೆಸೋ ಮೊದಲು ಒಂದು ನಿಮಿಷ. ಶಾಲೆಯ ರಬ್ಬರ್ ನೆನಪಿದ್ಯಾ, ಪೆನ್ಸಿಲ್ ಗೆರೆ ಅಳಿಸೋದು? ಅದನ್ನ ಕಾಗದದ ಮೇಲೆ ಜೋರಾಗಿ ಒತ್ತಿ, ಹಾಗೇ ಎತ್ತಿ. ಏನೂ ಉದುರಲ್ಲ. ಈಗ ಒತ್ತಿ ಉಜ್ಜಿ. ಪುಡಿ ಉದುರುತ್ತೆ.

ಟಯರೂ ಅಷ್ಟೇ. ನೇರವಾಗಿ, ಒಂದೇ ವೇಗದಲ್ಲಿ ಉರುಳ್ತಾ ಹೋಗುವಾಗ ಟಯರಿನ ಪ್ರತಿ ತುಂಡೂ ರಸ್ತೆಯನ್ನ ಮುಟ್ಟುತ್ತೆ, ಏಳುತ್ತೆ. ಉಜ್ಜಾಟ ತೀರಾ ಕಮ್ಮಿ. ಬ್ರೇಕ್ ಒತ್ತಿದಾಗ, ವೇಗ ಏರಿಸಿದಾಗ, ತಿರುಗಿಸಿದಾಗ ಮಾತ್ರ ರಬ್ಬರು ರಸ್ತೆ ಮೇಲೆ ಕೂದಲೆಳೆಯಷ್ಟು ಜಾರುತ್ತೆ. ಹಾಗೆ ಜಾರದೆ ಹಿಡಿತವೂ ಹುಟ್ಟಲ್ಲ. ಹಿಡಿತಕ್ಕೆ ಟಯರ್ ಕೊಡೋ ಬೆಲೆಯೇ ಸವೆತ.

ಒಂದು ಟಯರ್ ನೆಲ ಮುಟ್ಟೋ ಜಾಗ ಹೆಚ್ಚುಕಮ್ಮಿ ನಿಮ್ಮ ಅಂಗೈಯಷ್ಟು. ಒಂದೂವರೆ ಟನ್ ತೂಕದ ಕಾರು, ಒಳಗೆ ಹೆಂಡ್ತಿ ಮಕ್ಕಳು, ಡಿಕ್ಕಿಯಲ್ಲಿ ಲಗೇಜು, ಎಲ್ಲವೂ ನಾಲ್ಕು ಅಂಗೈ ರಬ್ಬರಿನ ಮೇಲೆ.

ಈಗ ಲೆಕ್ಕ ನೋಡಿ. ಒಂದೇ ತಿರುವನ್ನ 20ರಲ್ಲಿ ತಗೊಳ್ಳೋರಿಗಿಂತ 40ರಲ್ಲಿ ತಗೊಳ್ಳೋರ ಟಯರಿನ ಮೇಲೆ ಪಕ್ಕದ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಸವೆತ ಈ ಎಳೆತಕ್ಕಿಂತಲೂ ಬೇಗ ಏರುತ್ತೆ. ಜೊತೆಗೆ ಬಿಸಿ. ಉಜ್ಜಾಟ ಹೆಚ್ಚಾದಷ್ಟೂ ರಬ್ಬರ್ ಬಿಸಿಯಾಗುತ್ತೆ, ಬಿಸಿ ವಿಪರೀತಕ್ಕೆ ಹೋದ್ರೆ ಇನ್ನೂ ಬೇಗ ಸವೆಯುತ್ತೆ.

ಇನ್ನೊಂದು ಮಾತು. ಟಯರಿನ ಹಿಡಿತ ತಿಂಗಳ ಸಂಬಳ ಇದ್ದ ಹಾಗೆ. ಬ್ರೇಕಿಗೂ ಅದರಲ್ಲೇ, ತಿರುವಿಗೂ ಅದರಲ್ಲೇ. ಪೂರ್ತಿ ಬ್ರೇಕಿಗೆ ಖರ್ಚು ಮಾಡಿ ಆಮೇಲೆ ಸ್ಟೇರಿಂಗ್ ತಿರುಗಿಸಿದ್ರೆ ಕೈ ಖಾಲಿ. ಕಾರು ನೇರ ಹೋಗುತ್ತೆ.

ಇಷ್ಟು ತಲೆಯಲ್ಲಿಟ್ಕೊಳ್ಳಿ. ಈಗ ಜರ್ಮನಿಗೆ.

🛞 4/10 | 1957: ಖರ್ಚು ಮಾಡಿ ಗೆದ್ದವರು

1957ರ ಆಗಸ್ಟ್ 4. ನುರ್‌ಬರ್ಗ್‌ರಿಂಗ್. ಕಾಡು ಬೆಟ್ಟದ ನಡುವೆ ಹಾವಿನ ಥರ ಹರಿದಿದ್ದ 22.8 ಕಿ.ಮೀ. ಉದ್ದದ ಟ್ರ್ಯಾಕು. ಒಟ್ಟು 22 ಸುತ್ತು, ಅಂದ್ರೆ ಸುಮಾರು 500 ಕಿ.ಮೀ.

ಮಸೆರಾಟಿಯಲ್ಲಿ ಹುವಾನ್ ಮಾನುಯೆಲ್ ಫ್ಯಾಂಜಿಯೊ. ಅರ್ಜೆಂಟೀನಾದವರು, ವಯಸ್ಸು 46, ಆಗಲೇ ನಾಲ್ಕು ಬಾರಿ ವಿಶ್ವ ಚಾಂಪಿಯನ್. ಎದುರಿಗೆ ಫೆರಾರಿಯ ಇಬ್ಬರು ಇಂಗ್ಲಿಷ್ ಹುಡುಗರು, ಮೈಕ್ ಹಾಥಾರ್ನ್ ಮತ್ತು ಪೀಟರ್ ಕಾಲಿನ್ಸ್.

ಫೆರಾರಿ ಲೆಕ್ಕ: ಪೂರ್ತಿ ಟ್ಯಾಂಕು, ಗಟ್ಟಿ ಟಯರು, ಎಲ್ಲೂ ನಿಲ್ಲೋದು ಬೇಡ. ಫ್ಯಾಂಜಿಯೊ ಲೆಕ್ಕ ತಿರುವುಮುರುವು: ಅರ್ಧ ಟ್ಯಾಂಕು, ಮೆತ್ತನೆ ಟಯರು, ಹಗುರ ಕಾರಲ್ಲಿ ಓಡಿ ಮುಂದೆ ಹೋಗೋದು, ಮಧ್ಯೆ ನಿಲ್ಲಿಸಿ ಪೆಟ್ರೋಲು ಟಯರು ಎರಡೂ ಹಾಕಿಸ್ಕೊಳ್ಳೋದು. ಅಂದ್ರೆ ಟಯರನ್ನ ಉಳಿಸೋ ಗೋಜಿಗೇ ಹೋಗದೆ ಧಾರಾಳವಾಗಿ ಖರ್ಚು ಮಾಡೋದು.

ಅರ್ಧ ಮುಗಿಯೋ ಹೊತ್ತಿಗೆ ಫ್ಯಾಂಜಿಯೊ ಸುಮಾರು ಅರ್ಧ ನಿಮಿಷ ಮುಂದಿದ್ರು. ಪಿಟ್‌ಗೆ ಬಂದ್ರು. ಅಲ್ಲಿ ಎಡವಟ್ಟಾಯ್ತು, ಕೆಲಸ ಅಂದ್ಕೊಂಡಷ್ಟು ಬೇಗ ಮುಗೀಲಿಲ್ಲ. ಹೊರಗೆ ಬಂದಾಗ ಮುಕ್ಕಾಲು ನಿಮಿಷಕ್ಕೂ ಹೆಚ್ಚು ಹಿಂದೆ.

ಆಮೇಲೆ ನಡೆದಿದ್ದನ್ನ ರೇಸ್ ಲೋಕ ಇವತ್ತಿಗೂ ಹೇಳ್ಕೊಂಡು ತಿರುಗುತ್ತೆ. ಸುತ್ತು ಸುತ್ತಿಗೂ ಲ್ಯಾಪ್ ರೆಕಾರ್ಡ್ ಮುರೀತಾ ಬಂದ್ರು. ಕೆಲವು ತಿರುವುಗಳನ್ನ ವಾಡಿಕೆಗಿಂತ ಒಂದು ಗೇರ್ ಮೇಲೆ ಇಟ್ಕೊಂಡೇ ತಗೊಂಡೆ ಅಂತ ಮುಂದೆ ಅವರೇ ಹೇಳಿಕೊಂಡಿದ್ದಾರೆ. 21ನೇ ಸುತ್ತಿನಲ್ಲಿ ಇಬ್ಬರನ್ನೂ ದಾಟಿದ್ರು. ಗೆದ್ದಿದ್ದು 3.6 ಸೆಕೆಂಡಿನಲ್ಲಿ. ಐದನೇ ಪಟ್ಟ ಅವತ್ತೇ ಖಾಯಂ. ಅವರ 24ನೇ ಗ್ರ್ಯಾಂಡ್ ಪ್ರಿ ಗೆಲುವು, ಕೊನೆಯದೂ ಅದೇ.

ಟಯರನ್ನ ಖರ್ಚು ಮಾಡೋದು ತಪ್ಪಲ್ಲ. ಆದ್ರೆ ಫ್ಯಾಂಜಿಯೊಗೆ ಖರ್ಚಿನ ಲೆಕ್ಕ ಗೊತ್ತಿತ್ತು. ಎಲ್ಲಿ ಮುಗಿಯುತ್ತೆ, ಎಲ್ಲಿ ಹೊಸದು ಸಿಗುತ್ತೆ ಅಂತ ಮೊದಲೇ ಬರೆದಿಟ್ಟುಕೊಂಡಿದ್ರು.

ಐದೇ ತಿಂಗಳಲ್ಲಿ, ಅವರದೇ ದೇಶದಲ್ಲಿ, ಇನ್ನೊಬ್ಬರು ಇದಕ್ಕೆ ಪೂರ್ತಿ ಉಲ್ಟಾ ಆಟ ಆಡಿದ್ರು.

🛞 5/10 | 1958: ಉಳಿಸಿ ಗೆದ್ದವರು

1958ರ ಜನವರಿ 19. ಬ್ಯೂನಸ್ ಐರಿಸ್. ಸ್ಟರ್ಲಿಂಗ್ ಮಾಸ್ ಕೂತಿದ್ದು ಒಂದು ಪುಟ್ಟ ಕೂಪರ್ ಕಾರಿನಲ್ಲಿ. ಎಂಜಿನ್ ಹಿಂದೆ, ಅದೂ ಎರಡು ಲೀಟರಿಗಿಂತ ಒಂಚೂರು ಕಮ್ಮಿ. ಫೆರಾರಿಗಳದ್ದು 2.4 ಲೀಟರ್. ಕೂಪರಿನ ಮಾಲೀಕರು ರಾಬ್ ವಾಕರ್, ಒಬ್ಬ ಖಾಸಗಿ ವ್ಯಕ್ತಿ. ಆ ಆಟಿಕೆಯಂಥ ಕಾರನ್ನ ಯಾರೂ ಲೆಕ್ಕಕ್ಕೇ ತಗೊಂಡಿರಲಿಲ್ಲ.

ಮಾಸ್ ತಂಡಕ್ಕೆ ಒಂದು ದೊಡ್ಡ ತಲೆನೋವಿತ್ತು. ಫೆರಾರಿ ಚಕ್ರಕ್ಕೆ ನಡುವೆ ಒಂದೇ ನಟ್ಟು, ಸುತ್ತಿಗೆ ಪೆಟ್ಟಿಗೆ ಬಿಚ್ಚಿಕೊಳ್ತಿತ್ತು. ಕೂಪರ್ ಚಕ್ರಕ್ಕೆ ನಮ್ಮ ಮನೆ ಕಾರಿನ ಹಾಗೆ ನಾಲ್ಕು ನಟ್ಟು. ಟಯರ್ ಬದಲಿಸೋಕೆ ನಿಂತ್ರೆ ಕಥೆ ಮುಗೀತು. ಆದ್ರೆ ನಿಲ್ಲದೆ 80 ಸುತ್ತು ಆ ಟಯರ್ ಬಾಳುತ್ತಾ?

ತಂಡದವರು ನಾಟಕ ಹೂಡಿದ್ರು. ಟಯರ್ ಬದಲಿಸೋಕೆ ಸಜ್ಜಾಗ್ತಿರೋ ಹಾಗೆ ಎಲ್ಲರಿಗೂ ಕಾಣೋ ಥರ ಹೊಸ ಟಯರ್ ತಂದಿಟ್ರು. ಫೆರಾರಿಯವರು "ಹೇಗಿದ್ರೂ ನಿಲ್ಲಲೇಬೇಕು, ಆಗ ದಾಟೋಣ" ಅಂತ ಆರಾಮಾಗಿದ್ರು.

ಮಾಸ್ ನಿಲ್ಲಲಿಲ್ಲ. ಕೊನೆ ಸುತ್ತುಗಳಲ್ಲಿ ಟಯರಿನ ಮೇಲ್ಪದರ ಸವೆದು ಒಳಗಿನ ಬಟ್ಟೆ ಬೆಳ್ಳಗೆ ಕಾಣೋಕೆ ಶುರುವಾಯ್ತು. ಅವರು ಮಾಡಿದ್ದೇನು ಗೊತ್ತಾ? ಟ್ರ್ಯಾಕಿನ ಮೇಲೆ ಎಣ್ಣೆ ಚೆಲ್ಲಿ ನುಣುಪಾಗಿದ್ದ ಜಾಗಗಳನ್ನ ಹುಡುಕಿ ಹುಡುಕಿ ಅದರ ಮೇಲೇ ಓಡಿಸಿದ್ರು. ಬೇರೆಯವರು ಎಣ್ಣೆ ಕಂಡ್ರೆ ಹೆದರಿ ದೂರ ಹೋಗ್ತಾರೆ. ಮಾಸ್‌ಗೆ ಆ ಜಾರುವ ಜಾಗ ಬೇಕಿತ್ತು, ಯಾಕಂದ್ರೆ ಅಲ್ಲಿ ರಬ್ಬರು ಉಜ್ಜೋದು ಕಮ್ಮಿ. ಕೈಯಲ್ಲಿ ಮೊಟ್ಟೆ ಹಿಡಿದ ಹಾಗೆ ಕಾರನ್ನ ಮನೆ ಮುಟ್ಟಿಸಿದ್ರು.

ಫೆರಾರಿಯ ಲುಯಿಜಿ ಮುಸ್ಸೊಗೆ ವಿಷಯ ಅರ್ಥವಾಗೋಷ್ಟರಲ್ಲಿ ಹೊತ್ತು ಮೀರಿತ್ತು. ಅಂತರ 2.7 ಸೆಕೆಂಡ್. ಅವತ್ತು ತವರಿನ ಜನರ ಎದುರು ಓಡಿದ ಫ್ಯಾಂಜಿಯೊಗೆ ನಾಲ್ಕನೇ ಸ್ಥಾನ.

ಹಿಂದೆ ಎಂಜಿನ್ ಇರೋ ಕಾರೊಂದು ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ ರೇಸ್ ಗೆದ್ದಿದ್ದು ಅದೇ ಮೊದಲು. ಕೆಲವೇ ವರ್ಷದಲ್ಲಿ ಎಲ್ಲರ ಎಂಜಿನ್ನೂ ಹಿಂದಕ್ಕೆ ಹೋಯ್ತು. ರೇಸ್ ಕಾರಿನ ಆಕಾರವನ್ನೇ ಬದಲಿಸಿದ ಆ ಗೆಲುವು ನಿಂತಿದ್ದು ಬಟ್ಟೆ ಕಾಣ್ತಿದ್ದ ಟಯರಿನ ಮೇಲೆ.

🛞 6/10 | ತುಂಬಿದ ಕೊಡ

1960ರ ದಶಕದಲ್ಲಿ ಸ್ಕಾಟ್ಲೆಂಡಿನಿಂದ ಒಬ್ಬರು ಬಂದ್ರು. ಜಾಕಿ ಸ್ಟೀವರ್ಟ್. 99 ರೇಸು, 27 ಗೆಲುವು. 1969, 1971, 1973ರಲ್ಲಿ ವಿಶ್ವ ಚಾಂಪಿಯನ್. ಅವರು ಓಡಿಸೋದನ್ನ ನೋಡಿದ್ರೆ ಜೋರಾಗಿ ಹೋಗ್ತಿದ್ದಾರೆ ಅಂತ ಅನ್ನಿಸ್ತಾನೇ ಇರಲಿಲ್ಲ. ಆದ್ರೆ ಗಡಿಯಾರ ಬೇರೆ ಹೇಳ್ತಿತ್ತು.

ಸ್ಟೀವರ್ಟ್ ಬೇರೆಯವರಿಗೆ ಕಲಿಸುವಾಗ ಒಂದು ಆಟ ಆಡಿಸ್ತಿದ್ರು. ಕಾರಿನ ಬಾನೆಟ್ ಮೇಲೆ ಒಂದು ಬಟ್ಟಲು, ಅದರಲ್ಲಿ ಒಂದು ಚೆಂಡು. ಚೆಂಡು ಆಚೆ ಬೀಳದ ಹಾಗೆ ಕಾರು ಓಡಿಸಬೇಕು. ಬ್ರೇಕ್ ಜೋರಾಗಿ ಒತ್ತಿದ್ರೆ ಚೆಂಡು ಮುಂದಕ್ಕೆ ಹಾರುತ್ತೆ. ಸ್ಟೇರಿಂಗ್ ಎಳೆದ್ರೆ ಪಕ್ಕಕ್ಕೆ ಹಾರುತ್ತೆ.

ನಮ್ಮಲ್ಲಿ ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಹೆಚ್ಚುಕಮ್ಮಿ ಅದೇ ಮಾತು. ತಲೆ ಮೇಲೆ ಕೊಡ ಹೊತ್ತು ನಡೆಯೋ ಹೆಂಗಸರು ನಿಧಾನಕ್ಕೇನೂ ನಡೆಯಲ್ಲ. ಬಿರುಸಾಗೇ ನಡೀತಾರೆ. ಆದ್ರೆ ಹೆಜ್ಜೆಯಲ್ಲಿ ಎಲ್ಲೂ ಜಗ್ಗಾಟ ಇರಲ್ಲ. ವೇಗ ಬೇರೆ, ಜಗ್ಗಾಟ ಬೇರೆ.

ಕಾರು ಇಷ್ಟಪಡೋರು ಇಲ್ಲೇ ಎಡವೋದು. ಟಯರ್ ಕಿರುಚಿದ್ರೆ ಚೆನ್ನಾಗಿ ಓಡಿಸ್ತಿದ್ದೀವಿ ಅನ್ನೋ ಭ್ರಮೆ. ಕಿರುಚಾಟ ಅಂದ್ರೆ ರಬ್ಬರು ಹಿಡಿಯೋದು ಬಿಟ್ಟು ಜಾರ್ತಾ ಇದೆ ಅಂತ ಅರ್ಥ. ಬ್ರೇಕನ್ನ ಹಂತ ಹಂತವಾಗಿ ಒತ್ತಿ, ತಿರುವಿಗೆ ಮೊದಲೇ ವೇಗ ಇಳಿಸಿ, ಒಂದೇ ಸಲ ನಯವಾಗಿ ಸ್ಟೇರಿಂಗ್ ತಿರುಗಿಸಿ, ಅದು ನೇರ ಆಗ್ತಾ ಬಂದ ಹಾಗೆ ಆಕ್ಸಿಲರೇಟರ್ ತುಳಿಯೋರ ಕಾರಿನಲ್ಲಿ ಸದ್ದು ಕಮ್ಮಿ, ಸವೆತ ಕಮ್ಮಿ. ಎಷ್ಟೋ ಸಲ ಮುಂದಿರೋದೂ ಅವರೇ.

ಇದೇ ಕಾಲದಲ್ಲಿ ರಸ್ತೆಯ ಟಯರೂ ಬದಲಾಗ್ತಿತ್ತು. ಮಿಶೆಲಿನ್ 1946ರಲ್ಲಿ ಪೇಟೆಂಟ್ ತಗೊಂಡು 1949ರಿಂದ ಮಾರಿದ ರೇಡಿಯಲ್ ಟಯರ್ ಹಳೇ ಟಯರಿಗಿಂತ ತುಂಬಾ ಹೆಚ್ಚು ಬಾಳ್ತಿತ್ತು. ಅದರ ಮೇಲ್ಮೈ ಕಡಿಮೆ ನಲುಗುತ್ತೆ, ಹಾಗಾಗಿ ಕಡಿಮೆ ಉಜ್ಜುತ್ತೆ. ಇವತ್ತು ನಿಮ್ಮ ಕಾರಲ್ಲಿರೋದು ಅದೇ ರೇಡಿಯಲ್.

ಟಯರ್ ಎಷ್ಟೇ ಗಟ್ಟಿಯಾದ್ರೂ ಒಂದು ಕ್ಷಣದ ಅವಸರ ಸಾಕು. ಮುಂದಿನ ಕಥೆ ಅದರದ್ದೇ.

🛞 7/10 | 2005: ಒಂದೇ ಒಂದು ಬ್ರೇಕ್

2005ರಲ್ಲಿ ಫಾರ್ಮುಲಾ ಒನ್‌ನಲ್ಲಿ ಒಂದು ವಿಚಿತ್ರ ನಿಯಮ ಬಂತು. ಅರ್ಹತಾ ಸುತ್ತಿಗೂ ರೇಸಿಗೂ ಸೇರಿ ಒಂದೇ ಸೆಟ್ ಟಯರ್. ಪಂಕ್ಚರ್, ಹಾನಿ, ಮಳೆ ಇಂಥ ಕಾರಣ ಬಿಟ್ರೆ ರೇಸ್ ಮಧ್ಯೆ ಬದಲಿಸೋ ಹಾಗಿಲ್ಲ. ಸುಮಾರು 300 ಕಿ.ಮೀ. ಅದರಲ್ಲೇ ಮುಗಿಸಬೇಕು.

ಮೇ 29. ಮತ್ತೆ ನುರ್‌ಬರ್ಗ್‌ರಿಂಗ್, ಆದ್ರೆ ಈಗಿನ ಚಿಕ್ಕ ಟ್ರ್ಯಾಕು. ಮೆಕ್ಲಾರೆನ್‌ನಲ್ಲಿ ಫಿನ್ಲೆಂಡಿನ ಕಿಮಿ ರೈಕೊನೆನ್ ಮುಂದಿದ್ರು. ಒಂದು ಸುತ್ತು ಹಿಂದಿದ್ದ ಜಾಕ್ ವಿಲ್ನೂವ್ ಅವರನ್ನ ದಾಟುವಾಗ ಬ್ರೇಕ್ ಜೋರಾಯ್ತು. ಮುಂದಿನ ಬಲಗಡೆ ಚಕ್ರ ಲಾಕ್ ಆಗಿ, ತಿರುಗದೆ ಹಾಗೇ ಜಾರಿತು. ಅಷ್ಟೇ, ಕಣ್ಣು ಮುಚ್ಚಿ ತೆಗೆಯೋಷ್ಟರಲ್ಲಿ.

ಚಕ್ರ ತಿರುಗ್ತಿದ್ರೆ ಸವೆತ ಇಡೀ ಸುತ್ತಳತೆಗೆ ಹಂಚಿಹೋಗುತ್ತೆ. ಲಾಕ್ ಆದ್ರೆ ಅಂಗೈಯಷ್ಟು ಜಾಗ ಒಂದೇ ಎಲ್ಲಾ ಉಜ್ಜಾಟ ತಿನ್ನುತ್ತೆ. ಅಲ್ಲಿ ಟಯರ್ ಚಪ್ಪಟೆ ಆಗುತ್ತೆ. ಆಮೇಲೆ ಪ್ರತಿ ಸುತ್ತಿಗೂ ಧಡ್, ಧಡ್. ಆ ಕಾರು 300ರಲ್ಲಿ ಹೋಗುವಾಗ ಚಕ್ರ ಸೆಕೆಂಡಿಗೆ ಸುಮಾರು ನಲವತ್ತು ಸಲ ಉರುಳುತ್ತೆ. ಅಂದ್ರೆ ಸೆಕೆಂಡಿಗೆ ನಲವತ್ತು ಪೆಟ್ಟು, ಸಸ್ಪೆನ್ಷನ್‌ಗೆ.

ತಂಡದ ಮುಂದೆ ಎರಡು ದಾರಿ. ನಿಲ್ಲಿಸಿ ಟಯರ್ ಬದಲಿಸಿದ್ರೆ ಗೆಲುವು ಹೋಗುತ್ತೆ. ನಿಲ್ಲಿಸದಿದ್ರೆ? ಮುಂದುವರೆದ್ರು. ಟಿವಿಯಲ್ಲಿ ನೋಡ್ತಿದ್ದೋರಿಗೂ ಆ ಚಕ್ರ ನಡುಗೋದು ಕಾಣ್ತಿತ್ತು. ಹಿಂದಿನಿಂದ ಫರ್ನಾಂಡೊ ಅಲೊನ್ಸೊ ಹತ್ತಿರ ಆಗ್ತಾ ಬಂದ್ರು.

ಕೊನೆಯ ಸುತ್ತು, ಮೊದಲ ತಿರುವು. ಬ್ರೇಕ್ ಒತ್ತಿದ ಕೂಡಲೇ ಸಸ್ಪೆನ್ಷನ್ ಮುರೀತು. ಕಾರು ಗಿರಕಿ ಹೊಡೆದು ಟ್ರ್ಯಾಕಿನಾಚೆ ಹೋಯ್ತು. ಕಿಮಿಗೆ ಏನೂ ಆಗಲಿಲ್ಲ, ಪುಣ್ಯ. ಗೆದ್ದಿದ್ದು ಅಲೊನ್ಸೊ. ಆ ವರ್ಷದ ಪಟ್ಟವೂ ಅವರದ್ದೇ. ಮುಂದಿನ ವರ್ಷ ಟಯರ್ ಬದಲಾವಣೆ ವಾಪಸ್ ಬಂತು.

ನಮ್ಮ ಈಗಿನ ಕಾರುಗಳಲ್ಲಿ ಎಬಿಎಸ್ ಇದೆ. ಚಕ್ರ ಪೂರ್ತಿ ಲಾಕ್ ಆಗೋದನ್ನ ಅದು ತಡೆಯುತ್ತೆ. ಆದ್ರೆ ದಿನಕ್ಕೆ ಹತ್ತು ಸಲ ಸಿಗ್ನಲ್ ಹತ್ತಿರ ಹೋಗಿ ಗಕ್ಕನೆ ನಿಲ್ಲಿಸೋ ಅಭ್ಯಾಸವನ್ನ ಯಾವ ಎಬಿಎಸ್ಸೂ ತಡೆಯಲ್ಲ.

🛞 8/10 | 2007: ಒಂದು ಅಂಕ

ಎರಡು ವರ್ಷದ ನಂತರ, ಅದೇ ಕಿಮಿ, ಈಗ ಫೆರಾರಿಯಲ್ಲಿ. ಈ ಸಲ ಟಯರ್ ಕೈಕೊಟ್ಟಿದ್ದು ಎದುರಾಳಿಗೆ.

2007ರ ಅಕ್ಟೋಬರ್ 7, ಶಾಂಘೈ. ಮೆಕ್ಲಾರೆನ್‌ನ ಲೂಯಿಸ್ ಹ್ಯಾಮಿಲ್ಟನ್‌ಗೆ ಫಾರ್ಮುಲಾ ಒನ್‌ನಲ್ಲಿ ಅದು ಮೊದಲನೇ ವರ್ಷ. ಎರಡು ರೇಸ್ ಬಾಕಿ ಇರುವಾಗ ಕಿಮಿಗಿಂತ 17 ಅಂಕ ಮುಂದೆ. ಆಗ ಒಂದು ಗೆಲುವಿಗೆ 10 ಅಂಕ. ಮೊದಲ ವರ್ಷದಲ್ಲೇ ಚಾಂಪಿಯನ್ ಆಗೋಕೆ ಒಂದು ಹೆಜ್ಜೆ ಬಾಕಿ.

ರೇಸು ಒದ್ದೆ ಟ್ರ್ಯಾಕಿನಲ್ಲಿ ಶುರುವಾಯ್ತು. ಅದಕ್ಕೆ ಗೀರುಗಳಿರೋ ಮಳೆ ಟಯರು. ಈ ಟಯರಿನ ರಬ್ಬರು ಮೆತ್ತಗೆ, ನೀರು ತಂಪು ಮಾಡ್ತಾ ಇದ್ರೇ ಅದು ಬಾಳೋದು. ಟ್ರ್ಯಾಕ್ ಒಣಗ್ತಾ ಬಂತು. ಬಿಸಿ ಏರಿತು, ಗೀರುಗಳು ಮಾಯವಾದ್ವು, ಹಿಂದಿನ ಟಯರಿನಲ್ಲಿ ಒಳಪದರ ಬಿಳಿ ಪಟ್ಟಿಯಾಗಿ ಕಾಣ್ತಿತ್ತು. ಟಿವಿ ಕ್ಯಾಮೆರಾ ಅದನ್ನ ಹತ್ತಿರದಿಂದ ತೋರಿಸ್ತಿತ್ತು. ಇನ್ನೊಂದು ಮಳೆ ಬರಬಹುದೇನೋ ಅಂತ ತಂಡ ಕಾಯ್ತು. ಇನ್ನೊಂದು ಸುತ್ತು. ಇನ್ನೊಂದು.

ಕೊನೆಗೆ ಪಿಟ್‌ಗೆ ಕರೆದ್ರು. ಪಿಟ್ ದಾರಿಯಲ್ಲಿ ಒಂದು ಎಡ ತಿರುವು. ವೇಗ ಏನೂ ಇಲ್ಲ. ಹ್ಯಾಮಿಲ್ಟನ್ ಸ್ಟೇರಿಂಗ್ ತಿರುಗಿಸಿದ್ರು, ಕಾರು ತಿರುಗಲೇ ಇಲ್ಲ. ನೇರ ಹೋಗಿ ಜಲ್ಲಿಕಲ್ಲಿನಲ್ಲಿ ಹೂತುಕೊಂಡಿತು. ರೇಸ್ ಖತಂ. ಗೆದ್ದಿದ್ದು ಕಿಮಿ.

ಬ್ರೆಜಿಲ್‌ನಲ್ಲಿ ಕೊನೇ ರೇಸು ಮುಗಿದಾಗ ಲೆಕ್ಕ ಹೀಗಿತ್ತು: ಕಿಮಿ 110, ಹ್ಯಾಮಿಲ್ಟನ್ 109, ಅಲೊನ್ಸೊ 109. ಒಂದೇ ಒಂದು ಅಂಕ.

ಇದರಲ್ಲಿ ನಾವು ಗಮನಿಸಬೇಕಾದ್ದು ಒಂದಿದೆ. ಸವೆದ ಟಯರ್ ನೇರ ದಾರಿಯಲ್ಲಿ ಏನೂ ಹೇಳಲ್ಲ. ಕಾರು ಓಡುತ್ತೆ, ಆರಾಮಾಗೇ ಓಡುತ್ತೆ. ಅದು ಬಾಯಿ ಬಿಡೋದು ಬ್ರೇಕ್ ಒತ್ತಿದಾಗ, ತಿರುಗಿಸಿದಾಗ, ನೆಲ ಒದ್ದೆ ಇದ್ದಾಗ. ಅಂದ್ರೆ ನಮಗೆ ಅದು ಅತಿ ಹೆಚ್ಚು ಬೇಕಾದಾಗ.

🛞 9/10 | 2013: ನಮ್ಮ ದೇಶದಲ್ಲಿ

2011ರಿಂದ 2013ರವರೆಗೆ ಮೂರು ವರ್ಷ ದೆಹಲಿ ಹತ್ತಿರದ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಇಂಡಿಯನ್ ಗ್ರ್ಯಾಂಡ್ ಪ್ರಿ ನಡೀತು. ಮೂರೂ ಸಲ ಗೆದ್ದಿದ್ದು ಸೆಬಾಸ್ಟಿಯನ್ ವೆಟ್ಟೆಲ್. ಕೊನೆಯದು 2013ರ ಅಕ್ಟೋಬರ್ 27, 60 ಸುತ್ತು. ಟಯರ್ ಪಾಠಕ್ಕೆ ಇಷ್ಟು ಚೆನ್ನಾದ ರೇಸು ಇನ್ನೊಂದಿಲ್ಲ.

ಆ ಕಾಲಕ್ಕೆ ಪಿರೆಲಿ ಟಯರುಗಳನ್ನ ಬೇಕಂತಲೇ ಬೇಗ ಸವೆಯೋ ಹಾಗೆ ಮಾಡ್ತಿತ್ತು, ರೇಸು ರೋಚಕ ಆಗ್ಲಿ ಅಂತ. ಅವತ್ತು ಎರಡು ಬಗೆ ಟಯರ್, ಮೆತ್ತನೆಯದು ಮತ್ತು ಮಧ್ಯಮ. ಎರಡನ್ನೂ ಒಮ್ಮೆಯಾದ್ರೂ ಬಳಸಬೇಕು. ಮೊದಲ ಸ್ಥಾನದಿಂದ ಹೊರಟ ವೆಟ್ಟೆಲ್ ಎರಡೇ ಸುತ್ತಿಗೆ ಪಿಟ್‌ಗೆ ಬಂದು ಮೆತ್ತನೆ ಟಯರ್ ಬಿಸಾಕಿ ಹೋದ್ರು. ಹಿಂದೆ ಬಿದ್ರು, ಒಬ್ಬೊಬ್ಬರನ್ನೇ ದಾಟಿದ್ರು, ಗೆದ್ರು, ಸತತ ನಾಲ್ಕನೇ ವರ್ಷದ ಪಟ್ಟ ಕಟ್ಟಿಕೊಂಡ್ರು. ಫ್ಯಾಂಜಿಯೊ ಲೆಕ್ಕದ ಆಟವೇ.

ಲೋಟಸ್ ತಂಡದ ಇಬ್ಬರು ಮಾಸ್ ಥರ ಉಳಿತಾಯದ ಆಟಕ್ಕೆ ಇಳಿದ್ರು, ಒಂದೇ ಸಲ ನಿಲ್ಲೋದು ಅಂತ. 17ನೇ ಸ್ಥಾನದಿಂದ ಹೊರಟ ರೊಮೆನ್ ಗ್ರೋಜಾನ್ 13ನೇ ಸುತ್ತಿಗೆ ನಿಂತ್ರು. ಉಳಿದ 47 ಸುತ್ತನ್ನ ಒಂದೇ ಸೆಟ್ಟಿನಲ್ಲಿ ಜೋಪಾನವಾಗಿ ಓಡಿಸಿ ಮೂರನೆಯವರಾಗಿ ಬಂದ್ರು.

ಇನ್ನೊಬ್ಬರು ಯಾರು ಗೊತ್ತಾ? ನಮ್ಮ ಅದೇ ಕಿಮಿ. ಅವರು 7ನೇ ಸುತ್ತಿಗೇ ನಿಂತಿದ್ರು. ಬಹಳ ಹೊತ್ತು ಎರಡನೇ ಸ್ಥಾನದಲ್ಲಿದ್ರು. ಆದ್ರೆ ಮುಗಿಯೋಕೆ ಕೆಲವೇ ಸುತ್ತು ಇರುವಾಗ ಟಯರ್ ಪೂರ್ತಿ ಕೈಕೊಟ್ಟಿತು. ಒಬ್ಬೊಬ್ಬರೇ ದಾಟಿ ಹೋದ್ರು. ಬೇರೆ ದಾರಿ ಇಲ್ಲದೆ ಮತ್ತೆ ಪಿಟ್‌ಗೆ ಬಂದ್ರು. ಏಳನೇ ಸ್ಥಾನ. ಹೊಸ ಟಯರ್ ಸಿಕ್ಕಿದ ಮೇಲೆ ಅವರು ಹೊಡೆದ ಸುತ್ತೇ ಇಡೀ ರೇಸಿನ ಅತಿ ವೇಗದ ಸುತ್ತು! ಕಾರೂ ಚೆನ್ನಾಗಿತ್ತು, ಡ್ರೈವರೂ ಚೆನ್ನಾಗಿದ್ರು. ರಬ್ಬರ್ ಮುಗಿದಿತ್ತು, ಅಷ್ಟೇ.

ಆರೇಳು ಸುತ್ತಿನ ವ್ಯತ್ಯಾಸ. ಟಯರ್ ಒಂದೇ ಸಮನೆ ಇಳಿಯಲ್ಲ. ತುಂಬಾ ಹೊತ್ತು ಸರಿಯಾಗೇ ಇದ್ದು, ಒಂದು ಹಂತ ದಾಟಿದ ಮೇಲೆ ಬೆಟ್ಟದಂಚಿನಿಂದ ಕಾಲು ಜಾರಿದ ಹಾಗೆ ಬೀಳುತ್ತೆ.

🛞 10/10 | ಈಗ ನಮ್ಮ ರಸ್ತೆಗೆ

ರೇಸ್ ಡ್ರೈವರಿಗೆ ಪಿಟ್ ಇದೆ. ಸುತ್ತ ಜಲ್ಲಿ ಹಾಸಿದ ಜಾಗ ಇದೆ, ಹೆಲ್ಮೆಟ್ ಇದೆ, ಆಂಬುಲೆನ್ಸ್ ಕಾದಿರುತ್ತೆ. ಜುಲೈ ತಿಂಗಳ ಮಳೆಯಲ್ಲಿ ಚಾರ್ಮಾಡಿ ಇಳಿಯೋ ನಮಗೆ ಇರೋದು ತಡೆಗೋಡೆ, ಅದರಾಚೆ ಕಣಿವೆ. ಹ್ಯಾಮಿಲ್ಟನ್ ಕಾರು ತಿರುಗದೇ ಹೋದ ಆ ಕ್ಷಣವನ್ನ ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿಟ್ಟು ಯೋಚಿಸಿ. ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿರ್ತಾರೆ.

ಹೊಸ ಟಯರಿನ ಗೀರು ಸುಮಾರು 7ರಿಂದ 8 ಮಿ.ಮೀ. ಆಳ. ಗೀರಿನ ತಳದಲ್ಲಿ ಅಲ್ಲಲ್ಲಿ ಚಿಕ್ಕ ದಿಬ್ಬ ಇರುತ್ತೆ, 1.6 ಮಿ.ಮೀ. ಎತ್ತರದ್ದು. ಟಯರ್ ಮೇಲ್ಮೈ ಸವೆದು ಆ ದಿಬ್ಬದ ಸಮ ಬಂದ್ರೆ ಟಯರ್ ಮುಗೀತು. ಮಳೆ ನೀರನ್ನ ಆಚೆ ತಳ್ಳೋದು ಆ ಗೀರುಗಳೇ. ಅವಿಲ್ಲದಿದ್ರೆ ಟಯರ್ ನೀರಿನ ಮೇಲೆ ತೇಲುತ್ತೆ. ಆಗ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ.

ಟಯರ್ ನಿಮ್ಮ ಬಗ್ಗೆ ಏನು ಬರೆದಿದೆ ಅಂತ ಓದೋದು ಹೀಗೆ:
✅ ಎರಡೂ ಅಂಚು ಸವೆದು ನಡು ಉಳಿದಿದ್ರೆ: ಗಾಳಿ ಕಮ್ಮಿ, ಅಥವಾ ತಿರುವಿಗೆ ಜೋರಾಗಿ ನುಗ್ಗೋ ಅಭ್ಯಾಸ.
✅ ನಡು ಮಾತ್ರ ಸವೆದಿದ್ರೆ: ಗಾಳಿ ಜಾಸ್ತಿ.
✅ ಒಂದೇ ಅಂಚು ಸವೆದಿದ್ರೆ: ಅಲೈನ್‌ಮೆಂಟ್ ತೋರಿಸಿ.
✅ ಮುಂದಿನ ಎರಡು ಮಾತ್ರ ಬೇಗ ಸವೆದಿದ್ರೆ: ಮುಂದಿನ ಚಕ್ರ ಎಳೆಯೋ ಕಾರುಗಳಲ್ಲಿ ಇದು ಸ್ವಲ್ಪ ಸಹಜ. ತುಂಬಾ ಬೇಗ ಅಂದ್ರೆ ಸಿಗ್ನಲ್ ಬಿಟ್ಟ ಕೂಡಲೇ ಹಾರೋದು, ಮುಂದಿನ ಸಿಗ್ನಲ್ಲಿಗೆ ಗಕ್ಕನೆ ನಿಲ್ಲಿಸೋದು ಜಾಸ್ತಿಯಾಗಿದೆ.

ಬದಲಿಸ್ಕೋಬೇಕಾದ್ದು ತೀರಾ ಸಣ್ಣದು. ಮುಂದಿನ ಸಿಗ್ನಲ್ ಕೆಂಪಾಗಿದ್ದು ದೂರದಿಂದಲೇ ಕಂಡ್ರೆ ಅಲ್ಲೇ ಆಕ್ಸಿಲರೇಟರ್ ಬಿಡಿ. ತಿರುವಿನೊಳಗೆ ಬ್ರೇಕ್ ಬೇಡ, ತಿರುವಿಗೆ ಮೊದಲು ಇರಲಿ. ನಿಂತ ಕಾರಿನಲ್ಲಿ ಸ್ಟೇರಿಂಗ್ ಗರಗರ ತಿರುಗಿಸಬೇಡಿ, ಒಂಚೂರು ಉರುಳಲಿ ಆಮೇಲೆ ತಿರುಗಿಸಿ. ಟಯರ್ ತಣ್ಣಗಿರುವಾಗ ತಿಂಗಳಿಗೊಮ್ಮೆ ಗಾಳಿ ನೋಡಿಸಿ.

ಫ್ಯಾಂಜಿಯೊ ಥರ ಖರ್ಚು ಮಾಡೋ ಆಸೆ ಇದ್ರೆ ಟ್ರ್ಯಾಕ್ ಡೇಗೆ ಹೋಗಿ ಮಾಡಿ, ಸಂತೋಷವಾಗಿ ಮಾಡಿ. ಮನೆಗೆ ಬರೋ ದಾರಿಯಲ್ಲಿ ಮಾಸ್ ಆಗಿ. ಇಬ್ಬರೂ ಗೆದ್ದವರೇ, ಇಬ್ಬರಿಗೂ ಟಯರಲ್ಲಿ ಎಷ್ಟು ಉಳಿದಿದೆ ಅಂತ ಗೊತ್ತಿತ್ತು. ನಮ್ಮಲ್ಲಿ ಎಷ್ಟೋ ಜನಕ್ಕೆ ಕಾರಿನ ಬಿಎಚ್‌ಪಿ ಬಾಯಿಪಾಠ, ಟಯರಿನ ಗೀರು ಎಷ್ಟಿದೆ ಅಂದ್ರೆ ಗೊತ್ತಿಲ್ಲ.

ಇವತ್ತು ಪಾರ್ಕಿಂಗಿಗೆ ಇಳಿದಾಗ ನಾಲ್ಕೂ ಟಯರ್ ಮೇಲೆ ಒಮ್ಮೆ ಅಂಗೈ ಆಡಿಸಿ. ಒಳಗಿನ ಅಂಚನ್ನೂ ಬಿಡಬೇಡಿ, ಕಣ್ಣಿಗೆ ಬೀಳದ ಸವೆತ ಎಷ್ಟೋ ಸಲ ಅಲ್ಲೇ ಇರುತ್ತೆ. ಏನು ಕಾಣ್ತು ಅಂತ ಕಾಮೆಂಟಲ್ಲಿ ಬರೀರಿ. ಮಳೆಗಾಲಕ್ಕೆ ಮುಂಚೆ ಊರಿಗೆ ಹೊರಡೋ ಗೆಳೆಯರಿಗೆ ಇದನ್ನ ಕಳಿಸಿ 🙏

#ಟಯರ್‌ಕಥೆ #ಕಾರುಪ್ರೇಮಿಗಳು #ಫಾರ್ಮುಲಾಒನ್ #ರೇಸ್‌ಇತಿಹಾಸ #ಕನ್ನಡದಲ್ಲಿಕಾರು